ಬೌಂಡರಿ ಕೌಂಟಿ: ಸ್ವಾವಲಂಬಿ ವಾಸದ ನೆಲೆಯಾಗಿ

ಬೌಂಡರಿ ಕೌಂಟಿ ಅಮೆರಿಕದ ಇಡಾಹೊ ರಾಜ್ಯದ ಉತ್ತರ ತುದಿಯಲ್ಲಿ ಕೆನಡಾದ ಗಡಿಗೆ ತಾಗಿಕೊಂಡಿದೆ. 1915ರಲ್ಲಿ ರಚನೆಯಾದ ಈ ಕೌಂಟಿಯ ಆಡಳಿತ ಕೇಂದ್ರ ಬಾನರ್ಸ್ ಫೆರಿ. 2020ರ ಜನಗಣತಿಯಂತೆ ಜನಸಂಖ್ಯೆ 12,056. ಸ್ವಂತ ಜಮೀನಿನಲ್ಲಿ ಬೆಳೆ, ಕೋಳಿ, ಸೌದೆ ನೆಚ್ಚಿ ಬದುಕಬೇಕೆನ್ನುವವರನ್ನೂ ವಿಪತ್ತಿಗೆ ಮೊದಲೇ ಸಜ್ಜಾಗಬೇಕೆನ್ನುವವರನ್ನೂ ಇದು ಸೆಳೆಯುತ್ತದೆ. ಲೇಖಕ ಜೇಮ್ಸ್ ವೆಸ್ಲಿ ರಾಲ್ಸ್ 2011ರಲ್ಲಿ ‘ಅಮೆರಿಕನ್ ರಿಡೌಟ್’ ಎಂದು ಹೆಸರಿಟ್ಟ ಆಶ್ರಯವಲಯದಲ್ಲಿ ಇಡಾಹೊ ಸೇರಿದೆ. 1862ರ ಹೋಮ್‌ಸ್ಟೆಡ್ ಕಾಯಿದೆಯಡಿ 160 ಎಕರೆ ಸರ್ಕಾರಿ ಭೂಮಿ ಸಿಗುತ್ತಿದ್ದ ಕಾಲ ಮುಗಿದಿದೆ. ಈಗ ಜಮೀನಿಗೆ ದುಡ್ಡೇ ಸುರಿಯಬೇಕು.

ಇಲ್ಲಿನ ದೊಡ್ಡ ಅನುಕೂಲ ನೀರು. ಇಡಾಹೊ ಕಾನೂನಿನ ಪ್ರಕಾರ ಮನೆಬಳಕೆಗೆ ದಿನಕ್ಕೆ 13,000 ಗ್ಯಾಲನ್, ಅಂದರೆ ಸುಮಾರು 49,000 ಲೀಟರ್‌ವರೆಗೆ ಬಾವಿ ನೀರೆತ್ತಲು ಜಲಹಕ್ಕಿನ ಪರವಾನಗಿ ಬೇಕಿಲ್ಲ. ಅರ್ಧ ಎಕರೆ ತೋಟಕ್ಕೂ ಅದನ್ನೇ ಹಾಯಿಸಬಹುದು. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಬಂಡೆಯಡಿ ನೀರು ಸಿಗುವುದಿಲ್ಲ. ಪಕ್ಕದ ಜಮೀನುಗಳ ಬಾವಿಗಳ ಆಳ, ಇಳುವರಿಯ ದಾಖಲೆ ನೋಡದೆ ಕೊಳ್ಳುವುದು ಜೂಜು.

ಫಲವತ್ತಾದ ಮಣ್ಣು ಇರುವುದು ಕೂಟನೈ ನದಿ ಕಣಿವೆಯಲ್ಲಿ. ಒಡ್ಡು ಕಟ್ಟಿ ಪ್ರವಾಹದಿಂದ ಉಳಿಸಿಕೊಂಡ ಈ ಬಯಲಲ್ಲಿ ಗೋಧಿ, ಬಿಯರ್‌ಗೆ ಬಳಸುವ ಹಾಪ್ಸ್ ಬೆಳೆಯುತ್ತವೆ. 1948ರ ನೆರೆ ಬಾನರ್ಸ್ ಫೆರಿಗೇ ನುಗ್ಗಿತ್ತು. 1970ರ ದಶಕದಲ್ಲಿ ಮೊಂಟಾನದಲ್ಲಿ ಲಿಬಿ ಅಣೆಕಟ್ಟು ಬಂದ ಮೇಲೆ ಆ ಭಯ ತಗ್ಗಿತು. ಆದರೆ ಕಣಿವೆಯ ಸುರಕ್ಷತೆ ಈಗ ಅಣೆಕಟ್ಟು, ಒಡ್ಡುಗಳ ಕೈಯಲ್ಲಿದೆ.

ಬೆಟ್ಟದ ಇಳಿಜಾರಿನ ಕಾಡುಜಮೀನಿಗೆ ಬೆಂಕಿಯೇ ಶತ್ರು. 1967ರ ಸನ್‌ಡಾನ್ಸ್ ಕಾಳ್ಗಿಚ್ಚು ಕೆಲವೇ ಗಂಟೆಗಳಲ್ಲಿ ಸೆಲ್ಕರ್ಕ್ ಬೆಟ್ಟಸಾಲಿನಲ್ಲಿ ಸುಮಾರು 25 ಕಿ.ಮೀ. ಹಬ್ಬಿತು. ಒಂದೇ ದಾರಿಯಿರುವ ಜಮೀನಿನಲ್ಲಿ ಅಡಗುವುದು ಸುಲಭ, ಪಾರಾಗುವುದು ಕಷ್ಟ. ಹಿಮ ಬಿದ್ದಾಗಲೂ ಅದೇ ಗತಿ.

ವೈದ್ಯಸೌಕರ್ಯ ತೆಳು. ಬಾನರ್ಸ್ ಫೆರಿಯಲ್ಲಿ ಸಣ್ಣ ಆಸ್ಪತ್ರೆಯಿದೆ. ಸುಮಾರು 50 ಕಿ.ಮೀ. ದಕ್ಷಿಣಕ್ಕಿರುವ ಸ್ಯಾಂಡ್‌ಪಾಯಿಂಟ್ ಆಸ್ಪತ್ರೆ 2023ರಲ್ಲಿ ಹೆರಿಗೆ ವಿಭಾಗವನ್ನು ಮುಚ್ಚಿತು. ಎಳೆಯ ಸಂಸಾರಗಳಿಗೆ ಇದು ಸಣ್ಣ ಕೊರತೆಯಲ್ಲ.

ನೀರು, ಸೌದೆ, ವಿರಳ ಜನವಸತಿಯ ದೃಷ್ಟಿಯಿಂದ ಬೌಂಡರಿ ಕೌಂಟಿ ಉತ್ತಮ ನೆಲೆ. ಆದರೆ ಅಗ್ಗಕ್ಕೆ ಸಿಗುವ ದೂರದ ಕಾಡುಜಮೀನಿಗಿಂತ ಊರಿಗೆ ಹತ್ತಿರದ, ನೆರೆ ಮುಟ್ಟದ ಎತ್ತರದಲ್ಲಿರುವ, ಎರಡು ದಾರಿಯುಳ್ಳ ಸಣ್ಣ ಜಮೀನೇ ಇಲ್ಲಿ ಮೇಲು.