ಬಸವನಗುಡಿಯ ಹೋಟೆಲುಗಳೂ ಊರವರ ಅಭಿಪ್ರಾಯವೂ

ಒಂದು ಊರಿನವರು ತಮ್ಮ ದೇವಸ್ಥಾನಗಳ ವಿಷಯದಲ್ಲಿ ಏನು ಹೇಳುವರೆಂಬುದನ್ನು ಬರೆದಿಟ್ಟವರು ಅನೇಕರುಂಟು. ಹೋಟೆಲುಗಳ ವಿಷಯದಲ್ಲಿ ಏನು ಹೇಳುವರೆಂಬುದನ್ನು ಬರೆದಿಟ್ಟವರು ವಿರಳ. ಬೆಂಗಳೂರಿನ ಬಸವನಗುಡಿಯ ಸಾಮಾಜಿಕ ಚರಿತ್ರೆಯನ್ನು ತಿಳಿಯಬೇಕೆಂಬವರಿಗಾದರೋ ಈ ಎರಡನೆಯದನ್ನು ಬಿಟ್ಟು ನಡೆಯುವಂತಿಲ್ಲ. ಇಂದು ಅಲ್ಲಿಯ ಹಳೆಯ ಮನೆತನದವರನ್ನು ಕೇಳಿದರೆ, ದೋಸೆಗೆ ಯಾವುದು, ಇಡ್ಲಿಗೆ ಯಾವುದು, ಕಾಫಿಗೆ ಯಾವುದು ಎಂಬುದನ್ನು ನ್ಯಾಯಾಧೀಶರ ಗಾಂಭೀರ್ಯದಿಂದ ತೀರ್ಪುಮಾಡಿ ಹೇಳುವರು. ಅವರ ಮುತ್ತಾತಂದಿರಿಗೆ ಇಂಥ ತೀರ್ಪನ್ನು ಕೊಡುವ ಪ್ರಸಂಗವೇ ಇರಲಿಲ್ಲ. ಅವರು ಕೇಳುತ್ತಿದ್ದುದು ತಿಂಡಿ ಹೇಗಿದೆ ಎಂದಲ್ಲ, ಮಾಡಿದವರು ಯಾರು ಎಂದು.

ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ತೊರೆದವರಿಗೆ ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ಆಶ್ರಯವಾದುವು. ಅಗಲವಾದ ರಸ್ತೆ, ಗಾಳಿ, ಬೆಳಕು, ಮನೆಯ ಸುತ್ತ ತೋಟ ಇವೆಲ್ಲ ಹೊಸವು. ಅಡಿಗೆಮನೆ ಮಾತ್ರ ಹಳೆಯದೇ. ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆದು ಬಂದ ಗೃಹಸ್ಥರು ಮನೆಯಲ್ಲಿ ಮಡಿಯುಟ್ಟು ಎಲೆಯ ಮುಂದೆ ಕೂಡುತ್ತಿದ್ದರು. ಹೊರಗೆ ದುಡ್ಡು ಕೊಟ್ಟು ತಿನ್ನುವುದು ಮನೆಯಲ್ಲಿ ಹೇಳಿಕೊಳ್ಳತಕ್ಕ ಮಾತಾಗಿರಲಿಲ್ಲ.

ಈ ಸಂಕೋಚವನ್ನು ಮುರಿದವರಲ್ಲಿ ದಕ್ಷಿಣ ಕನ್ನಡದ ಕಡಲತಡಿಯಿಂದ ಬಂದ ಅಡಿಗೆಯವರು ಮುಖ್ಯರು. ಇವರನ್ನೆಲ್ಲ ಒಟ್ಟಾಗಿ ‘ಉಡುಪಿಯವರು’ ಎನ್ನುವುದು ರೂಢಿ. ಆದರೆ ಬಸವನಗುಡಿಯ ಸುತ್ತಿನ ಹೆಸರಾಂತ ಹೋಟೆಲುಗಳ ಮೂಲವನ್ನು ಹುಡುಕಿದರೆ ಉಡುಪಿಯ ಉತ್ತರಕ್ಕಿರುವ ಕೋಟ, ಸಾಲಿಗ್ರಾಮಗಳ ಸೀಮೆಗೆ ಹೋಗಬೇಕಾಗುತ್ತದೆ. ಪಾರಂಪಳ್ಳಿಯ ಮಯ್ಯ ಸೋದರರು 1920ರ ಸುಮಾರಿಗೆ ಬೆಂಗಳೂರಿಗೆ ಬಂದು, ಮೊದಲು ಉಳ್ಳವರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದು, 1924ರಲ್ಲಿ ಲಾಲ್‌ಬಾಗಿನ ಸಮೀಪದಲ್ಲಿ ಒಂದು ಚಿಕ್ಕ ಉಪಾಹಾರಗೃಹವನ್ನು ತೆರೆದರು. ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮನೆಯೊಳಗೆ ನಂಬಿಕೆಯನ್ನು ಗಳಿಸಿದ ಕೈಯೇ ಬೀದಿಯಲ್ಲಿ ಒಲೆಯನ್ನು ಹೂಡಿದುದರಿಂದ ಗೃಹಸ್ಥರ ಆಕ್ಷೇಪಕ್ಕೆ ಅರ್ಧ ಉತ್ತರ ದೊರೆತಂತಾಯಿತು.

ಕರಾವಳಿಯಲ್ಲಿ ‘ಮಾಣಿ’ ಎಂದರೆ ಬ್ರಾಹ್ಮಣರ ಹುಡುಗ. ಘಟ್ಟದ ಮೇಲೆ ಆ ಶಬ್ದಕ್ಕೆ ಹೋಟೆಲಿನಲ್ಲಿ ತಿಂಡಿ ತಂದಿಡುವವನೆಂಬ ಅರ್ಥ ಬಂತು. ಒಂದು ಸೀಮೆಯ ಬಡತನದ ಚರಿತ್ರೆ ಈ ಅರ್ಥಾಂತರದಲ್ಲಿ ಅಡಗಿದೆ. ತಾಯ್ತಂದೆಗಳನ್ನು ಬಿಟ್ಟು ಘಟ್ಟ ಹತ್ತಿ ಬಂದು ಲೋಟ ತೊಳೆಯುತ್ತ ಬೆಳೆದ ಆ ಹುಡುಗರನ್ನು, ದೋಸೆಯ ಕೀರ್ತಿಯನ್ನು ಹಾಡುವವರು ನೆನೆಯುವುದು ಅಪರೂಪ.

‘ಬ್ರಾಹ್ಮಣರ ಹೋಟೆಲು’ ಎಂಬ ಫಲಕಕ್ಕೆ ಆ ಕಾಲದಲ್ಲಿ ಎರಡು ಮುಖಗಳಿದ್ದುವು. ಮಡಿವಂತನಿಗೆ ಅದು ‘ಅಂಜದೆ ಬಾ’ ಎಂದು ಹೇಳುತ್ತಿತ್ತು. ಅದೇ ಅಕ್ಷರಗಳು ಬೀದಿಯಲ್ಲಿ ನಿಂತ ಮತ್ತೊಬ್ಬನಿಗೆ ‘ನಿನ್ನ ಸ್ಥಳ ಇದಲ್ಲ’ ಎನ್ನುತ್ತಿದ್ದುವು. ಕನ್ನಡನಾಡಿನ ಊರೂರಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಇತರರಿಗೆ ಹೊರಗಿನ ಬೆಂಚು, ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲಾಚೆ ಬೇರೆ ಲೋಟ ಎಂಬ ಏರ್ಪಾಡು ಸಾಮಾನ್ಯವಾಗಿತ್ತು. ಕಾಫಿಯ ಬೆಲೆ ಎಲ್ಲರಿಗೂ ಒಂದೇ, ಕುಡಿಯುವ ಸ್ಥಳ ಮಾತ್ರ ಬೇರೆ! ಹಳೆಯ ಹೋಟೆಲುಗಳ ಪರಿಮಳವನ್ನು ವರ್ಣಿಸುವ ಲೇಖನಗಳಲ್ಲಿ ಈ ಹೊರಗಿನ ಲೋಟ ಕಾಣಿಸಿಕೊಳ್ಳುವುದಿಲ್ಲ. ಅದನ್ನು ಹಿಡಿದಿದ್ದವರ ಅಭಿಪ್ರಾಯವನ್ನು ಆಗ ಯಾರೂ ಕೇಳಲಿಲ್ಲವಷ್ಟೆ.

ಊರವರ ಪ್ರಶ್ನೆ ಮೆಲ್ಲನೆ ಬದಲಾಯಿಸಿತು. ಬದಲಾಯಿಸಿದವರಲ್ಲಿ ವಿದ್ಯಾರ್ಥಿಗಳು ಮೊದಲಿಗರು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಸ್ಥಾಪಿತವಾದಂದಿನಿಂದ ಬಸವನಗುಡಿ ವಿದ್ಯಾರ್ಥಿಗಳ ಬೀಡಾಗುತ್ತ ಬಂದಿತ್ತು. ಮನೆಯಿಂದ ದೂರವಿರುವ ಹುಡುಗನಿಗೆ ಮಡಿಯ ಚಿಂತೆಗಿಂತ ಹಸಿವಿನ ಚಿಂತೆ ದೊಡ್ಡದು. ಗಾಂಧಿಬಜಾರಿನಲ್ಲಿ 1943ರಲ್ಲಿ ವೆಂಕಟರಮಣ ಉರಾಳರು ತೆರೆದ ಹೋಟೆಲಿಗೆ ‘ವಿದ್ಯಾರ್ಥಿ ಭವನ’ವೆಂದೇ ಹೆಸರಾಯಿತು. ಈ ಹೆಸರಿನಲ್ಲಿ ಜಾತಿಯ ಮಾತಿಲ್ಲದಿರುವುದು ಗಮನಿಸತಕ್ಕದ್ದು. ಅಲ್ಲಿಯ ಮಸಾಲೆದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜತೆಗೆ ನೀರಾದ ಚಟ್ನಿ. ಜಿಡ್ಡು ಹೆಚ್ಚೆಂದು ಗೊಣಗುವವರೂ ಬಸವನಗುಡಿಯಲ್ಲಿಲ್ಲದಿಲ್ಲ. ಅವರೂ ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಕಾದು ನಿಂತಿರುತ್ತಾರೆ. 1970ರಲ್ಲಿ ಹೋಟೆಲು ರಾಮಕೃಷ್ಣ ಅಡಿಗರ ಕೈಗೆ ಬಂದ ಮೇಲೂ ದೋಸೆಯ ರೀತಿ ಕೆಡಲಿಲ್ಲ.

ಅದೇ ಯುದ್ಧಕಾಲದಲ್ಲಿ, ಬರ್ಮಾ 1942ರಲ್ಲಿ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋದಾಗ, ಮಯ್ಯರ ಹೋಟೆಲಿನವರು ಗೋಧಿಯ ರವೆಯಿಂದ ಇಡ್ಲಿ ಮಾಡಿದರೆಂದು ಆ ಮನೆತನದವರು ಹೇಳುತ್ತಾರೆ. ಅಕ್ಕಿಯ ಅಭಾವದಲ್ಲಿ ಹುಟ್ಟಿದ ರವೆಇಡ್ಲಿ ಅಕ್ಕಿ ಬಂದ ಮೇಲೂ ಉಳಿಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ನಡೆದದ್ದು ಮುಂದಿನ ದಶಕದಲ್ಲಿ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಅವುಗಳಲ್ಲಿ ಯಾರಿಗೂ ಪ್ರವೇಶ ತಡೆಯಕೂಡದೆಂದು ವಿಧಿಸಿತು. ಅಸ್ಪೃಶ್ಯತೆಯನ್ನು ಆಚರಿಸುವವರಿಗೆ 1955ರ ಶಾಸನವು ಶಿಕ್ಷೆಯನ್ನು ಗೊತ್ತುಮಾಡಿತು. ರಾಷ್ಟ್ರದ ಮೂಲಶಾಸನವು ಕಾಫಿ ಹೋಟೆಲಿನ ಬಾಗಿಲಿನವರೆಗೂ ಬರಬೇಕಾಯಿತೆಂದರೆ ಆ ಬಾಗಿಲು ಎಷ್ಟು ಭದ್ರವಾಗಿದ್ದಿರಬೇಕು! 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ, ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನು ನೋಡಿ ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಕ್ರಮವನ್ನು ಹೂಡಿದರು. ಮಡಿ ಹೋಗಿ ಶುಚಿ ಬಂತು. ಮಡಿ ಮಾಡಿದವನ ಹುಟ್ಟನ್ನು ಕೇಳುತ್ತದೆ. ಶುಚಿ ಅವನ ಕೈಯನ್ನು ನೋಡುತ್ತದೆ. 1960ರಲ್ಲಿ ಹೋಟೆಲಿನ ಹಳೆಯ ಹೆಸರೂ ಹೋಗಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದಾಯಿತು. ಜಾತಿಯಿದ್ದ ಕಡೆ ಊರು ಬಂದು ಕುಳಿತಿತು.

ಆದರೂ ಹಳೆಯ ಶಬ್ದ ಅಷ್ಟು ಸುಲಭವಾಗಿ ಅಳಿಯಲಿಲ್ಲ. 1965ರಲ್ಲಿ ಪಕ್ಕದ ಶಂಕರಪುರದಲ್ಲಿ ತೆರೆದ ಪುಟ್ಟ ಅಂಗಡಿಯೊಂದು ‘ಬ್ರಾಹ್ಮಿನ್ಸ್ ಕಾಫಿ ಬಾರ್’ ಎಂಬ ಹೆಸರನ್ನೇ ಧರಿಸಿತು. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ ಇಷ್ಟೇ ಅಲ್ಲಿಯ ಐಶ್ವರ್ಯ. ಸಾಂಬಾರಿನ ಸೊಲ್ಲೇ ಇಲ್ಲ, ಚಟ್ನಿಯೊಂದೇ. ಹೆಸರು ಹಾಗಿದ್ದರೂ ಒಳಗೆ ಪಂಕ್ತಿಯಿಲ್ಲ, ಹೊರಗೆ ಬೇರೆ ಬೆಂಚಿಲ್ಲ. ಆಟೋ ಓಡಿಸುವವರು, ವಕೀಲರು, ಹೂವಿನ ಬುಟ್ಟಿಯವರು ರಸ್ತೆಯ ಅಂಚಿನಲ್ಲಿ ತಟ್ಟೆ ಹಿಡಿದು ಮೈಗೆ ಮೈ ತಾಗುವಂತೆ ನಿಂತು ತಿನ್ನುತ್ತಾರೆ, ಚಟ್ನಿ ತೀರಿದರೆ ಮತ್ತೆ ಹಾಕಿಸಿಕೊಳ್ಳುತ್ತಾರೆ.