ಗಡಿ ದಾಟದ ಸಿಲಿಂಡರು

ಬೆಳಗ್ಗೆ ಆರೂವರೆಗೆ ಕಾಫಿಗೆ ನೀರಿಟ್ಟಿದ್ದೆ. ಇನ್ನೇನು ಗುಳ್ಳೆ ಏಳಬೇಕು, ಅಷ್ಟರಲ್ಲಿ ನೀಲಿ ಬೆಂಕಿ ಒಮ್ಮೆ ಪುಸ್ ಅಂದು ಆರಿಹೋಯಿತು. ಏಪ್ರಿಲ್ ತಿಂಗಳು, ಫ್ರಾನ್ಸಿನ ಆನ್ಸಿ ಸರೋವರದ ಹತ್ತಿರ ಒಂದು ಕ್ಯಾಂಪಿಂಗ್ ಜಾಗ. ಹೊರಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಮ್ಯೂನಿಕ್‌ನಲ್ಲಿ ಬಾಡಿಗೆಗೆ ಹಿಡಿದ ಮೋಟರ್‌ಹೋಮ್ ನಮ್ಮದು. ಮಲಗೋಕೆ ಮಂಚ, ಅಡುಗೆಗೆ ಕಟ್ಟೆ, ಪುಟ್ಟ ಫ್ರಿಜ್ಜು, ಹೀಟರು ಎಲ್ಲಾ ಇರೋ ವ್ಯಾನು. ಆ ಮೂರೂ, ಅಂದ್ರೆ ಒಲೆ, ಫ್ರಿಜ್ಜು, ಹೀಟರು, ನಡೆಯೋದು ಪಕ್ಕದ ಡಬ್ಬಿಯಲ್ಲಿಟ್ಟ ಎರಡು ಗ್ಯಾಸ್ ಸಿಲಿಂಡರುಗಳ ಮೇಲೆ. ಒಂದನ್ನು ರಾತ್ರಿಯಿಡೀ ಹೀಟರು ಕುಡಿದು ಮುಗಿಸಿತ್ತು. ಇನ್ನೊಂದನ್ನು ಎತ್ತಿ ನೋಡಿದರೆ ಹಗುರ! ಬಾಡಿಗೆಗೆ ಕೊಟ್ಟವರು ಖಾಲಿಯದನ್ನೇ ಇಟ್ಟು ಕಳಿಸಿದ್ದರು.

ಅದೇ ಹೊತ್ತಿಗೆ ಅವ್ವನ ಫೋನು. ಗಂಡಸಿಯಲ್ಲಿ ಆಗ ಹತ್ತು ಗಂಟೆ. ಗ್ಯಾಸ್ ಮುಗಿದ ಕತೆ ಹೇಳಿದೆ. "ಅಯ್ಯೋ, ಅದಕ್ಯಾಕಪ್ಪ ತಲೆ ಕೆಡಿಸ್ಕೋತೀಯ? ಮೂರು ಕಲ್ಲಿಟ್ಟು ಒಲೆ ಹೂಡು. ಅಲ್ಲೇನು ನಾಲ್ಕು ಪುಳ್ಳೆ ಸಿಗಲ್ವಾ?" ಅಂದಳು. ಅಲ್ಲಿ ಕಂಡ ಕಂಡಲ್ಲಿ ಬೆಂಕಿ ಹಾಕಿದರೆ ದಂಡ ಬೀಳುತ್ತೆ ಅಂತ ಅವಳಿಗೆ ಹೇಗೆ ಹೇಳೋದು?

ಖಾಲಿ ಸಿಲಿಂಡರು ತಗೊಂಡು ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಮುಂದೆ ಪಂಜರದಲ್ಲಿ ತುಂಬಿದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ನನ್ನ ಬೂದು ಬಣ್ಣದ ಜರ್ಮನ್ ಸಿಲಿಂಡರನ್ನು ನೋಡಿ ತಲೆ ಅಲ್ಲಾಡಿಸಿದ. ಜರ್ಮನಿಯಲ್ಲಿ ಈ 11 ಕೆಜಿಯ ಬೂದು ಸಿಲಿಂಡರು ಕೊಂಡವನದೇ ಸ್ವತ್ತು. ಯಾವ ಅಂಗಡಿಯಲ್ಲಾದರೂ ಖಾಲಿ ಕೊಟ್ಟು ತುಂಬಿದ್ದು ತರಬಹುದು. ಆದರೆ ಗಡಿ ದಾಟಿದ ಮೇಲೆ ಅದು ಬರೀ ಕಬ್ಬಿಣ. ಹೋಗಲಿ, ಫ್ರೆಂಚ್ ಸಿಲಿಂಡರನ್ನೇ ಕೊಳ್ಳೋಣ ಅಂದರೆ ಅದರ ಬಾಯಿಗೆ ನಮ್ಮ ರೆಗ್ಯುಲೇಟರು ಕೂರೋದಿಲ್ಲ. ಒಂದೇ ಕರೆನ್ಸಿ, ಗಡಿಯಲ್ಲಿ ಪಾಸ್‌ಪೋರ್ಟ್ ಕೇಳೋರಿಲ್ಲ, ಮೊಬೈಲ್ ಸಿಮ್ಮೂ ಒಂದೇ. ಗ್ಯಾಸ್ ಸಿಲಿಂಡರಿನ ಬಾಯಿ ಮಾತ್ರ ದೇಶಕ್ಕೊಂದು ಥರ.

ಯಾಕೆ ಹೀಗೆ? ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಗ್ಯಾಸು ಹುಟ್ಟಿದ್ದೂ ಒಂದು ಗಾಡಿಯ ದೆಸೆಯಿಂದಲೇ ಅಂತಾರೆ. 1910ರ ಆಸುಪಾಸಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರಿನ ಮಾಲೀಕನೊಬ್ಬ, ಕೊಂಡ ಪೆಟ್ರೋಲಿನಲ್ಲಿ ಅರ್ಧ ಮನೆ ಸೇರೋದರೊಳಗೆ ಆವಿಯಾಗುತ್ತೆ ಅಂತ ದೂರಿದನಂತೆ. ಸರ್ಕಾರಿ ರಸಾಯನ ತಜ್ಞ ವಾಲ್ಟರ್ ಸ್ನೆಲ್ಲಿಂಗ್ ಆ ಆವಿಯಲ್ಲಿ ಏನಿದೆ ಅಂತ ಹುಡುಕಿದರು. ಸಿಕ್ಕಿದ್ದು ಪ್ರೊಪೇನು, ಬ್ಯೂಟೇನು. ಒತ್ತಡದಲ್ಲಿ ಹಿಡಿದಿಟ್ಟರೆ ಇವು ದ್ರವವಾಗುತ್ತವೆ, ಬಿಟ್ಟರೆ ಮತ್ತೆ ಗಾಳಿಯಾಗುತ್ತವೆ. 1913ರಲ್ಲಿ ಸ್ನೆಲ್ಲಿಂಗ್ ಅವರಿಗೆ ಇದರ ಪೇಟೆಂಟು ಸಿಕ್ಕಿತು. ನೆಲದಡಿಯ ಕೊಳವೆ ಇಲ್ಲದ ಕಡೆಗೂ ಬೆಂಕಿಯನ್ನು ಹೊತ್ತೊಯ್ಯಬಹುದು ಅನ್ನೋದು ಆ ಕಾಲಕ್ಕೆ ದೊಡ್ಡ ಮಾತು.

ಆಮೇಲೆ ಒಂದೊಂದು ದೇಶದಲ್ಲಿ ಒಂದೊಂದು ಕಂಪನಿ ವ್ಯಾಪಾರಕ್ಕಿಳಿಯಿತು. ಯಾರೂ ಪಕ್ಕದ ದೇಶವನ್ನು ಕೇಳಿಕೊಂಡು ವಾಲ್ವು ಮಾಡಲಿಲ್ಲ. ಇದರಲ್ಲಿ ಲಾಭವೂ ಇತ್ತು. ಬಾಯಿ ಬೇರೆಯಾದರೆ ಗಿರಾಕಿ ಬೇರೆ ಕಡೆ ಹೋಗೋದಿಲ್ಲ. ನಾವು ಸಾಫ್ಟ್‌ವೇರಿನವರು ಇದಕ್ಕೆ ಲಾಕ್-ಇನ್ ಅಂತ ಹೆಸರಿಟ್ಟಿದ್ದೀವಿ; ಕಬ್ಬಿಣದವರು ನಮಗಿಂತ ಮುಂಚೆಯೇ ಕಲಿತಿದ್ದರು. ಒತ್ತಡವೂ ಅಷ್ಟೇ. ಫ್ರಾನ್ಸಿನಲ್ಲಿ ಬ್ಯೂಟೇನಿಗೆ 28 ಮಿಲಿಬಾರ್, ಪ್ರೊಪೇನಿಗೆ 37. ಜರ್ಮನಿಯ ಮನೆಗಳಲ್ಲಿ 50. ಕೊನೆಗೆ ಯುರೋಪಿನವರು ಹೊಸ ಮೋಟರ್‌ಹೋಮ್‌ಗಳ ಒಳಗಿನ ಒತ್ತಡವನ್ನು 30 ಮಿಲಿಬಾರ್‌ಗೆ ತಂದು ನಿಲ್ಲಿಸಿದರು. ವ್ಯಾನಿನ ಒಳಗೆ ಒಪ್ಪಂದವಾಯಿತು, ಸಿಲಿಂಡರಿನ ಬಾಯಿ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಕ್ಯಾಂಪಿಂಗ್ ಅಂಗಡಿಗಳಲ್ಲಿ ನಾಲ್ಕು ಹಿತ್ತಾಳೆ ಅಡಾಪ್ಟರುಗಳ ಸೆಟ್ಟು ಮಾರ್ತಾರೆ.

ಗಡಿ ದಾಟೋದನ್ನೇ ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. 1949ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಕ್ಯಾಂಪಿಂಗ್ ಗ್ಯಾಸ್ ಕಂಪನಿಯ ನೀಲಿ ಸಿಲಿಂಡರು ಯುರೋಪಿನ ಎಷ್ಟೋ ದೇಶಗಳಲ್ಲಿ ಒಂದೇ ಬಾಯಿಯದು. ಖಾಲಿ ಕೊಟ್ಟು ತುಂಬಿದ್ದು ತರಬಹುದು. ಆದರೆ ಅದರಲ್ಲಿ ದೊಡ್ಡದು ಅಂದರೂ ಮೂರು ಕೆಜಿ ಗ್ಯಾಸೂ ಹಿಡಿಯೋದಿಲ್ಲ, ಕೆಜಿ ಲೆಕ್ಕ ಹಾಕಿದರೆ ದುಬಾರಿ. ನಾನು ಅದನ್ನೇ ಕೊಂಡೆ, ಜೊತೆಗೊಂದು ಅಡಾಪ್ಟರು. ಸಂಜೆ ಅನ್ನ ಸಾರು ಆಯಿತು. ಮರುದಿನ ಬೆಳಗ್ಗೆ ನೋಡಿದರೆ ಬೆಂಕಿ ಮತ್ತೆ ಸಪ್ಪೆ! ಸಿಲಿಂಡರು ತುಂಬಿದೆ, ಗ್ಯಾಸು ಬರ್ತಿಲ್ಲ. ಒಳಗಿರೋದು ಬ್ಯೂಟೇನು. ಅದು ಕುದಿಯೋದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಹೊರಗೆ ಸೊನ್ನೆ ಮುಟ್ಟಿದರೆ ಅದು ದ್ರವವಾಗೇ ಕೂತಿರುತ್ತೆ. ಪ್ರೊಪೇನಾದರೆ ಮೈನಸ್ 42ರ ತನಕ ಆವಿಯಾಗುತ್ತೆ. ಚಳಿ ದೇಶದವರು ಪ್ರೊಪೇನು ಕೊಳ್ಳೋದು ಇದಕ್ಕೇ. ಬಿಇಯಲ್ಲಿ ಥರ್ಮೊಡೈನಮಿಕ್ಸ್ ಪಾಸಾಗಿದ್ದೆ, ಆದರೂ ಇದು ಅರ್ಥವಾಗೋಕೆ ಕಾಫಿ ತಪ್ಪಬೇಕಾಯಿತು.

ಅಂದಿನಿಂದ ತಲೆಯಲ್ಲಿ ಉಳಿದಿದ್ದು ಮಾತ್ರ ಇನ್ನೊಂದು ವಿಷಯ. ಆ ನೀಲಿ ಸಿಲಿಂಡರು ಕೊಳ್ಳುವಾಗ ಅಂಗಡಿಯವನು ನನ್ನ ಹೆಸರನ್ನೂ ಕೇಳಲಿಲ್ಲ. ವಿಳಾಸ ಕೇಳಲಿಲ್ಲ, ಕಾರ್ಡು ಕೇಳಲಿಲ್ಲ. ದುಡ್ಡು ಕೊಟ್ಟೆ, ಬೆಂಕಿ ತಂದೆ. ನಮ್ಮಲ್ಲಿ ಇದು ಸರಿಯಾಗಿ ತಿರುಗಾಮುರುಗಾ.

ನಮ್ಮ ದೇಶದಲ್ಲಿ ಅಡುಗೆ ಗ್ಯಾಸು ಬಂದಿದ್ದು 1950ರ ದಶಕದ ಮಧ್ಯದಲ್ಲಿ. ಬರ್ಮಾ ಶೆಲ್ ಕಂಪನಿ ಬರ್ಶೇನ್ ಅನ್ನೋ ಹೆಸರಲ್ಲಿ ಮಾರಿತು. 1965ರ ಅಕ್ಟೋಬರ್ 22ರಂದು ಕಲ್ಕತ್ತಾದಲ್ಲಿ ಇಂಡೇನ್ ಶುರುವಾಯಿತು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದವು. ಎಚ್‌ಪಿ ಗ್ಯಾಸು, ಭಾರತ್ ಗ್ಯಾಸು ಆದವು. ಮೂರೂ ಸರ್ಕಾರದ್ದೇ ಆದ್ದರಿಂದ ಯುರೋಪಿನಲ್ಲಿ ಆಗದೇ ಇದ್ದಿದ್ದು ಇಲ್ಲಿ ಆಯಿತು. 14.2 ಕೆಜಿಯ ಸಿಲಿಂಡರು, ಮೇಲಿಂದ ಕಟಕ್ ಅಂತ ಕೂರೋ ರೆಗ್ಯುಲೇಟರು, 30 ಮಿಲಿಬಾರ್ ಆಸುಪಾಸಿನ ಒತ್ತಡದ ಒಲೆ. ಗಂಡಸಿಯ ರೆಗ್ಯುಲೇಟರನ್ನು ಗುವಾಹಟಿಯ ಸಿಲಿಂಡರಿಗೆ ಹಾಕಿ, ಕೂರುತ್ತೆ. ಇಷ್ಟು ದೊಡ್ಡ ದೇಶದಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಸಿಲಿಂಡರು ನಮ್ಮದಲ್ಲ. ನಾವು ಠೇವಣಿ ಇಟ್ಟಿರ್ತೀವಿ, ಅದು ಕಂಪನಿಯ ಸ್ವತ್ತು. ಅದು ಬರೋದು ಒಂದು ಹೆಸರಿಗೆ, ಒಂದು ವಿಳಾಸಕ್ಕೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕನೆಕ್ಷನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸದರ ಕೋಟಾದಲ್ಲಿ ಗ್ಯಾಸ್ ಕೂಪನ್ನುಗಳಿದ್ದವು. ಬಾಯಿ ಎಲ್ಲ ಕಡೆ ಕೂರುತ್ತೆ, ಕಾಗದ ಕೂರೋದಿಲ್ಲ. ಯುರೋಪಿನಲ್ಲಿ ಥ್ರೆಡ್ಡು ತಡೆಯುತ್ತೆ, ನಮ್ಮಲ್ಲಿ ವಿಳಾಸ ತಡೆಯುತ್ತೆ.

ನಮ್ಮೂರ ಕಡೆಗೆ ಬರೋಣ. ಅರಸೀಕೆರೆ ಸೀಮೆ ತೆಂಗಿನ ನಾಡು. ಗರಿ, ಎಡಮಟ್ಟೆ, ಹೊಂಬಾಳೆ, ಚಿಪ್ಪು, ಕಾಯಿಸಿಪ್ಪೆ, ಉರಿಯೋದಕ್ಕೆ ಏನು ಕಮ್ಮಿ? ಕಮ್ಮಿಯಿದ್ದಿದ್ದು ಅವ್ವನ ಕಣ್ಣಿನ ನೆಮ್ಮದಿ. ಮಳೆಗಾಲದಲ್ಲಿ ಹಸಿ ಮಟ್ಟೆ ಊದಿ ಊದಿ ಅಡುಗೆಮನೆಯ ಗೋಡೆಯೆಲ್ಲಾ ಕರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳ್ತನದಲ್ಲಿ ಶುರುವಾದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿ, ಹಳ್ಳಿಯವರು ಎಷ್ಟು ಸೌದೆ ಸುಡ್ತಾರೆ, ಅದಕ್ಕಾಗಿ ಎಷ್ಟು ದೂರ ನಡೀತಾರೆ ಅಂತ ಲೆಕ್ಕ ಹಾಕಿತು. ಅಲ್ಲಿಂದ ಬಂದಿದ್ದೇ ಚಿಮಣಿ ಇರೋ ಅಸ್ತ್ರ ಒಲೆ. ನಮ್ಮ ಅಜ್ಜಿಮನೆಯಲ್ಲೂ ಒಂದಿತ್ತು. ಗ್ಯಾಸು ಪಟ್ಟಣದವರಿಗೆ, ಒಳ್ಳೇ ಒಲೆ ಹಳ್ಳಿಯವರಿಗೆ. ಹಂಚಿಕೆ ಹಾಗಿತ್ತು.

ನಮ್ಮ ಮನೆಗೆ ಗ್ಯಾಸ್ ಬಂದಿದ್ದು ನಾನು ಬಿಇ ಓದ್ತಿದ್ದಾಗ. ಬರೋ ಮುಂಚೆ ಮನೆಯಲ್ಲಿ ಜೋರು ಚರ್ಚೆ. ಗ್ಯಾಸ್ ತಗೊಂಡರೆ ರೇಷನ್ ಕಾರ್ಡಿಗೆ ಮುದ್ರೆ ಬೀಳುತ್ತೆ, ಸೀಮೆಎಣ್ಣೆ ಕಟ್ ಆಗುತ್ತೆ. ಕರೆಂಟ್ ಹೋದ ರಾತ್ರಿಗೆ ಲಾಟೀನಿಗೆ ಏನು ಗತಿ? ಅಪ್ಪ ಕೊನೆಗೆ ಗ್ಯಾಸಿಗೇ ಸಹಿ ಹಾಕಿದರು. ಕನೆಕ್ಷನ್ ಅಪ್ಪನ ಹೆಸರಲ್ಲಿ, ಒಲೆ ಹಚ್ಚೋದು ಅವ್ವ. ಮನೆ ಬಾಗಿಲಿಗೆ ಡೆಲಿವರಿ ಇರಲಿಲ್ಲ. ವಾರಕ್ಕೊಂದು ದಿನ ಗಂಡಸಿ ಹ್ಯಾಂಡ್‌ಪೋಸ್ಟಿಗೆ ಲಾರಿ ಬರೋದು. ಬೆಳಗ್ಗೆಯಿಂದ ಖಾಲಿ ಸಿಲಿಂಡರುಗಳು ಮನುಷ್ಯರ ಥರ ಸಾಲು ನಿಂತಿರೋವು. ಅಪ್ಪ ಟಿವಿಎಸ್‌ನ ಮುಂದೆ ಅದನ್ನಿಟ್ಟು ತರುತ್ತಿದ್ದರು.

ಓದು ಮುಗಿದು ನಾನು ಬೆಂಗಳೂರಿಗೆ ಬಂದೆ. ಬ್ಯಾಚುಲರ್ ರೂಮು, ಬಾಡಿಗೆ ಕರಾರು ಇಲ್ಲ, ವಿಳಾಸದ ಪುರಾವೆ ಇಲ್ಲ. ಊರಲ್ಲಿ ಅಪ್ಪನ ಹೆಸರಲ್ಲಿ ಸಿಲಿಂಡರಿದ್ದರೂ ಇಲ್ಲಿ ನನಗೆ ಬೆಂಕಿ ಇಲ್ಲ. ನಿಮ್ಮಲ್ಲೂ ಎಷ್ಟೋ ಜನ ಇದನ್ನು ಮಾಡಿರ್ತೀರಿ: ಗಲ್ಲಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಪುಟ್ಟ ಸಿಲಿಂಡರಿಗೆ ಗ್ಯಾಸ್ ತುಂಬಿಸೋದು. ದೊಡ್ಡದನ್ನು ತಲೆಕೆಳಗು ಮಾಡಿ, ಪೈಪಿನಲ್ಲಿ ಚಿಕ್ಕದಕ್ಕೆ ಇಳಿಸೋರು. ಪಕ್ಕದಲ್ಲೇ ಟೀ ಒಲೆ ಉರಿಯೋದು. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಗೊತ್ತಿದ್ದೂ ಎರಡು ವರ್ಷ ಮಾಡಿದೆ. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನ ಕುಟುಂಬಗಳೂ ಅದೇ ಸಾಲಿನಲ್ಲಿ ನಿಂತಿರೋವು. ನಾನು ಬೇಸರವಾದರೆ ಹೋಟೆಲಿಗೆ ಹೋಗಬಹುದಿತ್ತು, ಅವರು ಹೋಗೋ ಹಾಗಿರಲಿಲ್ಲ.

2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರು ವರ್ಷಕ್ಕೆ ಆರೇ ಅಂತ ಮಿತಿ ಬಂತು. ಆಮೇಲೆ ಒಂಬತ್ತಾಯಿತು, ಹನ್ನೆರಡಾಯಿತು. ಆ ಗಲಾಟೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಬದಲಾವಣೆ 2013ರ ಅಕ್ಟೋಬರಿನದ್ದು. ಆಗ ಪೆಟ್ರೋಲಿಯಂ ಮಂತ್ರಿಯಾಗಿದ್ದ ನಮ್ಮ ವೀರಪ್ಪ ಮೊಯಿಲಿ ಅವರು ಬೆಂಗಳೂರಿನಲ್ಲೇ ಪೆಟ್ರೋಲ್ ಬಂಕ್‌ಗಳಲ್ಲಿ 5 ಕೆಜಿ ಸಿಲಿಂಡರು ಮಾರೋ ಯೋಜನೆಗೆ ಚಾಲನೆ ಕೊಟ್ಟರು. ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ಪುರಾವೆ ಬೇಡ. ಸಬ್ಸಿಡಿ ಇಲ್ಲ. ವಿಳಾಸವಿಲ್ಲದವನು ಬೆಂಕಿಗೆ ಹೆಚ್ಚು ದುಡ್ಡು ಕೊಡಬೇಕು ಅನ್ನೋದು ಬದಲಾಗಲಿಲ್ಲ, ಆದರೆ ಕದ್ದು ಕೊಳ್ಳೋದು ತಪ್ಪಿತು. 2016ರ ಮೇ 1ರಂದು ಬಂದ ಉಜ್ವಲಾದಲ್ಲಿ ಕನೆಕ್ಷನ್ನು ಹೆಂಗಸರ ಹೆಸರಿಗೆ, ಠೇವಣಿ ಇಲ್ಲದೆ ಸಿಕ್ಕಿತು. 2021ರ ಆಗಸ್ಟಿನ ಎರಡನೇ ಕಂತಿನಲ್ಲಿ ವಲಸೆ ಕುಟುಂಬಗಳು ತಮ್ಮ ವಿಳಾಸವನ್ನು ತಾವೇ ಬರೆದುಕೊಟ್ಟರೆ ಸಾಕು ಅಂತಾಯಿತು. ಬರ್ಶೇನ್ ಬಂದು ಅರವತ್ತು ವರ್ಷ ದಾಟಿದ ಮೇಲೆ, ಬಡವರು ಹೇಳಿದ ವಿಳಾಸವನ್ನು ಹೇಳಿದ ಹಾಗೇ ನಂಬಿದ್ದು.

ಹಾಗಂತ ಕಾಗದವೇ ಬೇಡ, ಯಾರಾದರೂ ಎಲ್ಲಿ ಬೇಕಾದರೂ ಸಿಲಿಂಡರು ಹೊತ್ತೊಯ್ಯಲಿ ಅಂತ ನಾನು ಹೇಳ್ತಿಲ್ಲ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಂದು ಹೊತ್ತಿಕೊಂಡಿತು. ಲಖನೌನಿಂದ ಹೊರಟವರು ನಿಯಮ ಮೀರಿ ಒಳಗೆ ಗ್ಯಾಸ್ ಸಿಲಿಂಡರು ಇಟ್ಟುಕೊಂಡಿದ್ದರು. ಒಂಬತ್ತು ಜನ ಹೋದರು. ಆ ಸುದ್ದಿ ಓದಿದಾಗ ನನಗೆ ಬೇರೆ ಯಾರೋ ಅನಿಸಲಿಲ್ಲ. ನಮ್ಮೂರಿನಿಂದ ಹೊರಡೋ ಯಾತ್ರೆ ಬಸ್ಸುಗಳಲ್ಲೂ ಅಡುಗೆಭಟ್ಟರು, ಪಾತ್ರೆ, ಒಲೆ, ಸಿಲಿಂಡರು ಜೊತೆಗೇ ಬರ್ತವೆ. ನಮ್ಮ ಜನರ ಮೋಟರ್‌ಹೋಮ್ ಅಂದರೆ ಅದೇ. ಜರ್ಮನ್ ವ್ಯಾನಿನಲ್ಲಿ ಸಿಲಿಂಡರಿಗೆ ಬೇರೆ ಡಬ್ಬಿ, ಅದಕ್ಕೆ ಹೊರಗಿನಿಂದ ಬಾಗಿಲು, ಗ್ಯಾಸು ಸೋರಿದರೆ ಇಳಿದು ಹೋಗೋಕೆ ತಳದಲ್ಲಿ ತೂತು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತೆ. ಯಾತ್ರೆ ಬಸ್ಸಿನಲ್ಲಿ ಅದು ಸೀಟಿನ ಕೆಳಗಿರುತ್ತೆ. ಬೆಂಕಿ ಹೊತ್ತು ಹೋಗೋನಿಗೆ ತೂತಿನ ಲೆಕ್ಕ ಗೊತ್ತಿರಬೇಕು.

ನೀವೂ ಹೊರದೇಶದಲ್ಲಿ ವ್ಯಾನು ಬಾಡಿಗೆಗೆ ಹಿಡಿಯೋರಾದರೆ ನಾಲ್ಕೇ ಮಾತು. ಹೊರಡೋ ಮುಂಚೆ ಎರಡೂ ಸಿಲಿಂಡರು ಎತ್ತಿ ನೋಡಿ. ಯಾವ ದೇಶಗಳನ್ನು ದಾಟ್ತೀರೋ ಅದಕ್ಕೆ ಅಡಾಪ್ಟರು ಕೇಳಿ. ಚಳಿಯಿದ್ದರೆ ಪ್ರೊಪೇನು ಅಂತಲೇ ಕೇಳಿ ಕೊಳ್ಳಿ. ಜರ್ಮನ್ ಸಿಲಿಂಡರಿನ ಥ್ರೆಡ್ಡು ಎಡಗಡೆ ತಿರುಗೋದು, ಉರಿಯೋ ಗ್ಯಾಸಿಗೆ ಹಾಗೇ ಇಡೋದು ರೂಢಿ, ಬಲಗಡೆ ಬಿಗಿದು ಹಾಳು ಮಾಡಬೇಡಿ. ಊರಲ್ಲಿದ್ದರೆ ಸಿಲಿಂಡರಿನ ಕತ್ತಿನ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಬರೆದಿರ್ತಾರೆ. ಎ ಅಂದರೆ ಆ ವರ್ಷದ ಮೊದಲ ಮೂರು ತಿಂಗಳು. ಮುಂದಿನ ತಪಾಸಣೆಯ ಗಡುವು ಅದು. ಗಡುವು ದಾಟಿದ್ದರೆ ತಗೋಬೇಡಿ.

ಹೋದ ಸಲ ಊರಿಗೆ ಹೋದಾಗ ಆ ನೀಲಿ ಸಿಲಿಂಡರಿನ ಫೋಟೋ ಅವ್ವನಿಗೆ ತೋರಿಸಿದೆ. "ಇಷ್ಟೇ ಇಷ್ಟಾ?" ಅಂದಳು. ಯಾರೂ ಏನೂ ಕೇಳದೆ ಕೊಟ್ಟರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂ ತೋಟಕ್ಕೆ ಬರೋ ಕಾಯಿ ಕೀಳೋರಿಗೆ ಅಂಥದ್ದು ಸಿಗತ್ತಾ?" ಅಂತ ಕೇಳಿದಳು. ಸಿಗುತ್ತೆ, ಐದು ಕೆಜಿಯದ್ದು, ಗುರುತಿನ ಚೀಟಿ ತೋರಿಸಿದರೆ ಸಾಕು ಅಂದೆ. "ಹಂಗಾದ್ರೆ ಅವರಿಗೆ ಯಾಕೆ ಯಾರೂ ಹೇಳಿಲ್ಲ?" ಅಂದಳು. ಮರುದಿನ ಅವರಲ್ಲಿ ಒಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅರಸೀಕೆರೆಗೆ ಹೋಗಿ ಬಂದೆ.