ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯ ಅಗ್ನಿ ದುರಂತ (2008)

2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯವೊಂದರಲ್ಲಿ ಸಂಭವಿಸಿದ ಅಗ್ನಿ ದುರಂತವು ಸಂಶೋಧನಾ ವಿಶ್ವವಿದ್ಯಾಲಯಗಳ ಔದ್ಯೋಗಿಕ ಸುರಕ್ಷತೆಯ ಇತಿಹಾಸದಲ್ಲಿ ಪ್ರಮುಖ ಘಟನೆಯಾಗಿದೆ.

ಘಟನೆ

ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಮ್ ದ್ರಾವಣವನ್ನು ಸಿರಿಂಜಿನ ಮೂಲಕ ವರ್ಗಾಯಿಸುತ್ತಿದ್ದಾಗ, ಸಿರಿಂಜಿನ ಪ್ಲಂಜರ್ ಕಳಚಿ ದ್ರಾವಣವು ಚೆಲ್ಲಿತು. ಪ್ರಯೋಗಾಲಯದ ರಕ್ಷಣಾ ಕೋಟು ಧರಿಸಿರದ 23 ವರ್ಷದ ಸಂಶೋಧನಾ ಸಹಾಯಕಿಯ ಉಡುಪಿಗೆ ಬೆಂಕಿ ತಗುಲಿತು. ತೀವ್ರ ಸುಟ್ಟಗಾಯಗಳಿಂದ ಅವರು 18 ದಿನಗಳ ಬಳಿಕ ನಿಧನರಾದರು.

ಪರಿಣಾಮ

2011ರಲ್ಲಿ ಪ್ರಯೋಗಾಲಯದ ಮುಖ್ಯಸ್ಥರು ಹಾಗೂ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 2012ರಲ್ಲಿ ಮಂಡಳಿಯು ಅಂದಿನ ಪ್ರಯೋಗಾಲಯದ ಸ್ಥಿತಿಗತಿಯ ಹೊಣೆಯನ್ನು ಒಪ್ಪಿಕೊಂಡು, ಸುರಕ್ಷತಾ ತರಬೇತಿ, ರಕ್ಷಣಾ ಉಡುಪು ಮತ್ತು ಲಿಖಿತ ಕಾರ್ಯವಿಧಾನಗಳನ್ನು ಜಾರಿಗೊಳಿಸಲು ಸಮ್ಮತಿಸಿದ ಮೇಲೆ ಅದರ ವಿರುದ್ಧದ ಆರೋಪಗಳನ್ನು ಕೈಬಿಡಲಾಯಿತು. ಪ್ರಯೋಗಾಲಯದ ಸುರಕ್ಷತೆಯು ಪ್ರಯೋಗ ನಡೆಸುವವರ ಎಚ್ಚರಿಕೆಗಷ್ಟೇ ಬಿಟ್ಟ ವಿಷಯವಲ್ಲ, ಮಾರ್ಗದರ್ಶಕರು ಹಾಗೂ ಸಂಸ್ಥೆಯೂ ಅದಕ್ಕೆ ಹೊಣೆಗಾರರು ಎಂಬುದನ್ನು ಈ ಪ್ರಕರಣವು ಎತ್ತಿ ತೋರಿಸಿತು.